ಗೀಜಗನ ಅರ್ಧ ಗೂಡು

ನಿಮಗಿದು ಗೊತ್ತೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಗದ್ದೆಬಯಲಲ್ಲಿ ಗೀಜಗನನ್ನು ಗುರುತಿಸಲು ಮಳೆಗಾಲವೇ ಸರಿ. ಉಳಿದ ದಿನಗಳಲ್ಲಿ ಗಂಡೂ ಹೆಣ್ಣೂ ಗುಬ್ಬಚ್ಚಿಯಂತೆ ಕಂದು. ಮಳೆ ಹಿಡಿಯುವ ಹೊತ್ತಿಗೆ ಗಂಡಿನ ನೆತ್ತಿ ಹೊಳೆಯುವ ಹಳದಿಯಾಗಿ, ಕಣ್ಣು ಕೆನ್ನೆಗೆ ಕಡುಕಂದು ಮುಖವಾಡ ಬರುತ್ತದೆ. ಹೆಣ್ಣಿಗೆ ಮಾತ್ರ ಅದೇ ಹಳೇ ಸೀರೆ!

ಗೂಡು ಕಟ್ಟುವುದು ಗಂಡು. ಭತ್ತದ ಎಲೆಯ ಅಂಚನ್ನು ಕಚ್ಚಿ, ಹಾರುತ್ತಲೇ ಉದ್ದಕ್ಕೆ ಸೀಳಿ ತಂದು, ನೀರಿನ ಮೇಲೆ ಬಾಗಿದ ಕೊಂಬೆಗೋ ತೆಂಗಿನ ಗರಿಗೋ ಗಂಟು ಹಾಕಿ ಹೆಣೆಯುತ್ತದೆ. ಹೆಲ್ಮೆಟ್ ಆಕಾರದ ಅರ್ಧ ಗೂಡಾಗುತ್ತಲೇ ಅದಕ್ಕೆ ಜೋತುಬಿದ್ದು, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಅವಳು ಒಳಹೊಕ್ಕು ನೋಡಿ ಒಪ್ಪಿದರಷ್ಟೇ ಮೊಟ್ಟೆಯ ಕೋಣೆ, ಕೊಳವೆಯಂಥ ಬಾಗಿಲು ಪೂರ್ತಿಯಾಗುವುದು. ಒಪ್ಪದಿದ್ದರೆ ಅರ್ಧ ಗೂಡು ಹಾಗೇ ಉಳಿಯುತ್ತದೆ. ಒಪ್ಪಿದವಳು ಕಾವಿಗೆ ಕೂತಳೋ, ಈತ ಇನ್ನೊಂದು ಗೂಡಿಗೆ, ಇನ್ನೊಬ್ಬಳಿಗಾಗಿ ಎಳೆ ತರಲು ಹೊರಡುತ್ತಾನೆ! ಈ ಸಂಸಾರದ ಗುಟ್ಟನ್ನು 1930ರಲ್ಲಿ, ಈಗಿನ ಮಹಾರಾಷ್ಟ್ರದ ಕಿಹಿಂನಲ್ಲಿ ಕಾದು ಕೂತು ಕಂಡವರು ಪಕ್ಷಿತಜ್ಞ ಸಲೀಂ ಅಲಿ.

ಗೂಡಿನೊಳಗೆ ಹಸಿಮಣ್ಣು ಮೆತ್ತುವುದು ನಿಜ. ಅದಕ್ಕೆ ಮಿಂಚುಹುಳು ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಎಂಬುದು ಕಟ್ಟುಕತೆ. ನೋಡುವುದಾದರೆ ಬೆಳಗ್ಗೆ ಬೈನಾಕ್ಯುಲರ್ ಹಿಡಿದು ದೂರವೇ ನಿಲ್ಲಿ. ಮಳೆಗಾಲ ಮುಗಿಯುವ ತನಕ, ಖಾಲಿ ಎನಿಸಿದರೂ ಗೂಡು ಕೀಳಬೇಡಿ.