ಒಂದು ಸೆಂಟಿಗೆ ಹನ್ನೆರಡು ಸಾವಿರ ಪ್ಲೇಟು

ಭೂಮಿಯಿಂದ ಸುಮಾರು 2,500 ಕೋಟಿ ಕಿಲೋಮೀಟರ್ ದೂರದಲ್ಲಿ ಒಂದು ಕನ್ನಡದ ದನಿ ಇದೆ. 1977ರ ಸೆಪ್ಟೆಂಬರ್ 5ರಂದು ಹಾರಿದ ವಾಯೇಜರ್-1 ನೌಕೆಗೆ ಚಿನ್ನದ ಲೇಪವಿರುವ ತಾಮ್ರದ ಪ್ಲೇಟೊಂದನ್ನು ಬಿಗಿದು ಕಳಿಸಿದ್ದಾರೆ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡವೂ ಅವುಗಳಲ್ಲೊಂದು. ಅದೇ ಪ್ಲೇಟಿನಲ್ಲಿ ಭೂಲೋಕದಿಂದ ಆರಿಸಿದ 27 ಸಂಗೀತದ ತುಣುಕುಗಳಿವೆ. ಬಾಖ್, ಬೀಥೋವನ್, ಕೇಸರ್‌ಬಾಯಿ ಕೇರ್ಕರ್ ಇವರ ಪಂಕ್ತಿಯಲ್ಲಿ ಸೇಂಟ್ ಲೂಯಿಸಿನ ಚಕ್ ಬೆರಿ ಕೂತಿದ್ದಾರೆ. ಅವರು 1958ರಲ್ಲಿ ಹಾಡಿದ ‘ಜಾನಿ ಬಿ. ಗುಡ್’ ಎರಡೂಮುಕ್ಕಾಲು ನಿಮಿಷವೂ ತುಂಬದ ಹಾಡು. ನೌಕೆಯ ವೇಗ ಸೆಕೆಂಡಿಗೆ 17 ಕಿಲೋಮೀಟರ್. ನಾವಿಲ್ಲಿ ಆ ಹಾಡನ್ನು ಒಮ್ಮೆ ಕೇಳಿ ಮುಗಿಸುವಷ್ಟರಲ್ಲಿ ಅಲ್ಲಿರುವ ಅದರ ಪ್ರತಿ ಸುಮಾರು 2,700 ಕಿಲೋಮೀಟರ್ ಮುಂದೆ ಸಾಗಿರುತ್ತದೆ. ಶ್ರೀನಗರದಲ್ಲಿ ಹಾಡು ಹಚ್ಚಿದವರು ಅದು ಮುಗಿಯುವಾಗ ಕನ್ಯಾಕುಮಾರಿಯ ಹತ್ತಿರ ಇಳಿದಂತೆ.

ಇಷ್ಟು ದೂರ ಹೋದ ಈ ರಾಕ್ ಅಂಡ್ ರೋಲ್ ಹುಟ್ಟಿದ್ದು ಎಷ್ಟು ಪುಟ್ಟ ಜಾಗದಲ್ಲಿ!

ಮೊದಲು ಅದರ ಹಂದರ ನೋಡಿ. ಆಫ್ರಿಕನ್ ಅಮೆರಿಕನ್ನರ ಬ್ಲೂಸ್ ಗಾಯನದಿಂದ ಅದಕ್ಕೆ ಬಂದ ಆಸ್ತಿಯೆಂದರೆ 12 ಆವರ್ತ, ಒಂದೊಂದಕ್ಕೆ 4 ಎಣಿಕೆ. ಒಟ್ಟು 48. ನಮ್ಮ ಆದಿತಾಳದ ಆರು ಸುತ್ತಿಗೆ ಸಮ. ಅದರ ಮೇಲೆ ಕೂರುವ ಕಾರ್ಡ್‌ಗಳು ಹೆಚ್ಚಾಗಿ ಮೂರೇ ಮೂರು. ವೇಗದ ಹಾಡಿನಲ್ಲಿ ಹದಿನೇಳು ಸೆಕೆಂಡಿಗೊಮ್ಮೆ ಈ ಸುತ್ತು ಮುಗಿದು ಮತ್ತೆ ಶುರುವಾಗುತ್ತದೆ. ಸಾವಿರಾರು ಹಾಡುಗಳು ಈ ಒಂದೇ ಅಚ್ಚಿನಿಂದ ಹೊರಬಂದಿವೆ.

ಆ ಅಚ್ಚನ್ನು ಹೊತ್ತು ತಂದವರು ವಲಸೆಗಾರರು. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಆಫ್ರಿಕನ್ ಅಮೆರಿಕನ್ನರು ದಕ್ಷಿಣದ ಹತ್ತಿ ಹೊಲಗಳನ್ನೂ ಅಲ್ಲಿನ ಕ್ರೌರ್ಯವನ್ನೂ ಬಿಟ್ಟು ಬೇರೆ ಸೀಮೆಯ ನಗರಗಳಿಗೆ ಹೊರಟರು. ಅರವತ್ತು ವರ್ಷ, ಒಂದು ದಿನವೂ ತಪ್ಪದೆ, ದಿನಕ್ಕೆ ಸರಾಸರಿ 270 ಜನ. ನಮ್ಮ ರೈಲಿನ ನಾಲ್ಕು ಸ್ಲೀಪರ್ ಬೋಗಿಗಳಲ್ಲಿ ಹಿಡಿಸುವಷ್ಟು. 1943ರಲ್ಲಿ ಮಿಸಿಸಿಪ್ಪಿಯಿಂದ ಷಿಕಾಗೋಗೆ ಬಂದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರಲ್ಲೊಬ್ಬರು. ನಗರದ ಕ್ಲಬ್ಬುಗಳ ಗದ್ದಲದಲ್ಲಿ ಊರಿನ ಗಿಟಾರು ಕೇಳಿಸಲಿಲ್ಲ, ಅದಕ್ಕಾಗಿ ವಿದ್ಯುತ್ ಗಿಟಾರು ಹಿಡಿದರು. 1955ರಲ್ಲಿ ಅವರ ಮಾತು ಕೇಳಿ ಚೆಸ್ ಎಂಬ ಧ್ವನಿಮುದ್ರಣ ಕಂಪನಿಯ ಬಾಗಿಲು ತಟ್ಟಿದವರೇ ಚಕ್ ಬೆರಿ. ಮೇ 21ರಂದು ಮುದ್ರಿಸಿದ ಅವರ ‘ಮೇಬಲೀನ್’ ವರ್ಷ ಮುಗಿಯುವಷ್ಟರಲ್ಲಿ 10 ಲಕ್ಷ ಪ್ರತಿ ಮಾರಾಟವಾಯಿತು.

ಮೆಂಫಿಸ್ ನಗರದ ಯೂನಿಯನ್ ಅವೆನ್ಯೂ, ಮನೆ ನಂಬರ್ 706. 1950ರ ಜನವರಿಯಲ್ಲಿ ಸ್ಯಾಮ್ ಫಿಲಿಪ್ಸ್ ಅಲ್ಲೊಂದು ಧ್ವನಿಮುದ್ರಣದ ಅಂಗಡಿ ತೆರೆದರು. ಮರುವರ್ಷ ಮಾರ್ಚಿನಲ್ಲಿ 19 ವರ್ಷದ ಐಕ್ ಟರ್ನರ್ ತನ್ನ ತಂಡ ಕಟ್ಟಿಕೊಂಡು ಅಲ್ಲಿಗೆ ಬಂದ. ದಾರಿಯಲ್ಲಿ ಪೆಟ್ಟುತಿಂದ ಆಂಪ್ಲಿಫೈಯರಿನ ಕೋನು ಹರಿದಿತ್ತು. ಫಿಲಿಪ್ಸ್ ಅದರೊಳಗೆ ಕಾಗದ ತುರುಕಿ ಹಾಗೇ ನುಡಿಸಿ ಅಂದರು. ಆ ಗೊರಗೊರ ಸದ್ದಿನ ಸಮೇತ ಮುದ್ರಣವಾದ ‘ರಾಕೆಟ್ 88’ ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಗೇರಿತು. ಮೊದಲ ರಾಕ್ ಅಂಡ್ ರೋಲ್ ಹಾಡು ಇದೇ ಎನ್ನುವವರು ಇಂದಿಗೂ ಇದ್ದಾರೆ.

1953ರ ಬೇಸಿಗೆಯಲ್ಲಿ ಅದೇ ಅಂಗಡಿಗೆ 18 ವರ್ಷದ ಇನ್ನೊಬ್ಬ ಹುಡುಗ ಬಂದು, ಸುಮಾರು 4 ಡಾಲರು ತೆತ್ತು, ತನ್ನ ದನಿಯ ಒಂದು ಪ್ಲೇಟು ಮಾಡಿಸಿಕೊಂಡ. ಹೆಸರು ಎಲ್ವಿಸ್ ಪ್ರೀಸ್ಲಿ. 1955ರ ನವೆಂಬರಿನಲ್ಲಿ ಆರ್‌ಸಿಎ ಕಂಪನಿ ಫಿಲಿಪ್ಸ್ ಬಳಿಯಿದ್ದ ಅವನ ಕರಾರನ್ನು 35,000 ಡಾಲರಿಗೆ ಕೊಂಡಿತು. 1956ರ ಸೆಪ್ಟೆಂಬರ್ 9ರಂದು ಅವನು ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಹಾಡಿದಾಗ ಸುಮಾರು 6 ಕೋಟಿ ಜನ ನೋಡಿದರು. ಆ ಹೊತ್ತಿಗೆ ಅಮೆರಿಕದಲ್ಲಿ ಟೀವಿ ನೋಡುತ್ತಿದ್ದವರಲ್ಲಿ ನೂರಕ್ಕೆ 82ಕ್ಕೂ ಹೆಚ್ಚು ಮಂದಿ! ನಾಲ್ಕು ಡಾಲರಿಗೂ ಆರು ಕೋಟಿ ಜನಕ್ಕೂ ನಡುವಿನ ಅಂತರ ಮೂರು ವರ್ಷ. 2015ರಲ್ಲಿ ಆ ನಾಲ್ಕು ಡಾಲರಿನ ಪ್ಲೇಟು ಹರಾಜಿನಲ್ಲಿ 3 ಲಕ್ಷ ಡಾಲರಿಗೆ ಹೋಯಿತು.

ಇಂಥ ಹಾಡಿಗಾಗಿ ಜನ ಕಾದಿದ್ದರು. 1952ರ ಮಾರ್ಚ್ 21ರಂದು ಕ್ಲೀವ್‌ಲ್ಯಾಂಡಿನಲ್ಲಿ ರೇಡಿಯೋದ ಅಲನ್ ಫ್ರೀಡ್ ಏರ್ಪಡಿಸಿದ ಕಛೇರಿಗೆ, 10,000 ಜನ ಹಿಡಿಸುವ ಅಂಗಣದ ಮುಂದೆ ಸುಮಾರು 20,000 ಮಂದಿ ನೆರೆದರು. ಬಾಗಿಲುಗಳು ಮುರಿದವು. ಕಾರ್ಯಕ್ರಮ ಶುರುವಾಗುತ್ತಲೇ ನಿಲ್ಲಿಸಬೇಕಾಯಿತು. ಹಾಡನ್ನು ಮನೆಗೆ ಮುಟ್ಟಿಸುವ ಸಾಧನವೂ ಆಗಷ್ಟೇ ಹಗುರವಾಗಿತ್ತು. ಬಿದ್ದರೆ ಹೋಳಾಗುತ್ತಿದ್ದ ಅರಗಿನ 10 ಅಂಗುಲದ ಪ್ಲೇಟಿನ ಜಾಗಕ್ಕೆ 1949ರಲ್ಲಿ 7 ಅಂಗುಲದ ವಿನೈಲ್ ಪ್ಲೇಟು ಬಂತು. 1954ರ ಕೊನೆಗೆ ಜೇಬಿನಲ್ಲಿ ಕೂರುವ ಟ್ರಾನ್ಸಿಸ್ಟರ್ ರೇಡಿಯೋ ಬಂತು. ಅಪ್ಪ ಅಮ್ಮನ ಕಣ್ಣಳತೆಯಾಚೆ ಹಾಡು ಕೇಳುವ ಸ್ವಾತಂತ್ರ್ಯ ಹದಿಹರೆಯದವರಿಗೆ ಸಿಕ್ಕಿದ್ದು ಆಗ.

ಈಗ ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಲೆಕ್ಕಕ್ಕೆ ಬರುತ್ತೇನೆ. 1954ರ ಏಪ್ರಿಲ್ 12, ನ್ಯೂಯಾರ್ಕ್. ಬಿಲ್ ಹೇಲಿಯ ತಂಡ ಬೇರೊಂದು ಹಾಡಿಗೆ ಹೊತ್ತು ಕಳೆದು, ಉಳಿದ ಸುಮಾರು 40 ನಿಮಿಷದಲ್ಲಿ ‘ರಾಕ್ ಅರೌಂಡ್ ದ ಕ್ಲಾಕ್’ ಮುದ್ರಿಸಿತು. ಹಾಡಿನ ಉದ್ದ 2 ನಿಮಿಷ 8 ಸೆಕೆಂಡು. ನಡುವೆ ಮಿಂಚಿನಂತೆ ಬರುವ ಗಿಟಾರನ್ನು ನುಡಿಸಿದವರು ಡ್ಯಾನಿ ಸೆಡ್ರೋನ್. ಅಂದಿನ ಕೆಲಸಕ್ಕೆ ಅವರಿಗೆ ಸಿಕ್ಕ ಕೂಲಿ 21 ಡಾಲರು. ಜೂನ್ 17ರಂದು ಅವರು ಮೆಟ್ಟಿಲಿನಿಂದ ಬಿದ್ದು ತೀರಿಕೊಂಡರು. ಮರುವರ್ಷ ಆ ಹಾಡು ಸಿನಿಮಾವೊಂದರಲ್ಲಿ ಬಂದು, ಅಮೆರಿಕದ ಪಟ್ಟಿಯ ತುದಿಯಲ್ಲಿ ಎಂಟು ವಾರ ಕೂತಿತು. ಒಟ್ಟು ಮಾರಾಟ ಎರಡೂವರೆ ಕೋಟಿ ಎಂಬ ಅಂದಾಜಿದೆ. ಎಲ್ಲವೂ 7 ಅಂಗುಲದವು ಎಂದೇ ಹಿಡಿದು ಒಂದರ ಪಕ್ಕ ಒಂದು ಜೋಡಿಸಿದರೆ 4,400 ಕಿಲೋಮೀಟರ್ ಸಾಲಾಗುತ್ತದೆ. ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿನವರೆಗೆ ಹಾಸಿ, ಉಳಿದದ್ದು ಸಮುದ್ರಕ್ಕಿಳಿಯುತ್ತದೆ. ಆ ಸಾಲಿನ ಪ್ರತಿ 12,000 ಪ್ಲೇಟಿಗೆ ಸೆಡ್ರೋನ್ ಪಾಲು ಒಂದು ಸೆಂಟು.

ಬಿಗ್ ಮಾಮಾ ಥಾರ್ನ್‌ಟನ್ ಲೆಕ್ಕವೂ ಹೀಗೇ ಇದೆ. 1952ರಲ್ಲಿ ಅವರು ಹಾಡಿದ ‘ಹೌಂಡ್ ಡಾಗ್’ 5 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ತನಗೆ ಬಂದದ್ದು 500 ಡಾಲರಿನ ಒಂದೇ ಚೆಕ್ಕು ಎಂದು ಅವರು ಹೇಳಿಕೊಂಡಿದ್ದರು. ಸಾವಿರ ಪ್ಲೇಟಿಗೆ ಒಂದು ಡಾಲರು. ನಾಲ್ಕು ವರ್ಷದ ಮೇಲೆ ಎಲ್ವಿಸ್ ದನಿಯಲ್ಲಿ ಅದೇ ಹಾಡು, ಪ್ಲೇಟಿನ ಇನ್ನೊಂದು ಬದಿಯ ಹಾಡಿನೊಂದಿಗೆ, 11 ವಾರ ತುದಿಯಲ್ಲಿತ್ತು. ಹಾಡು ಎಷ್ಟು ದೂರ ಹೋದರೂ ಅದರ ಫಲ ಈ ಇಬ್ಬರ ಮನೆಬಾಗಿಲಿಗೆ ಬರಲಿಲ್ಲ.

ವಾಯೇಜರಿನ ಪ್ಲೇಟಿನಲ್ಲಿ ಚಕ್ ಬೆರಿಯ ಹಿಂದಿನ ತಲೆಮಾರಿನವರೊಬ್ಬರೂ ಇದ್ದಾರೆ, ಟೆಕ್ಸಸ್ಸಿನ ಬೀದಿಗಳಲ್ಲಿ ಹಾಡುತ್ತಿದ್ದ ಬ್ಲೈಂಡ್ ವಿಲ್ಲಿ ಜಾನ್ಸನ್. 1927ರ ಡಿಸೆಂಬರಿನಲ್ಲಿ ಡಲ್ಲಾಸಿನಲ್ಲಿ ಮುದ್ರಿಸಿದ ಅವರ ಹಾಡಿಗೆ ಮಾತೇ ಇಲ್ಲ. ಗಿಟಾರಿನ ಜೊತೆಗೆ ಎದೆಯಾಳದ ಒಂದು ಗುನುಗು, ಅಷ್ಟೆ. 1945ರಲ್ಲಿ ಅವರು ಬೋಮಾಂಟ್ ಊರಿನಲ್ಲಿ ಬಡತನದಲ್ಲೇ ತೀರಿಕೊಂಡರು. ಇಂದು ಅವರ ದನಿ ಭೂಮಿಯಿಂದ ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದನ್ನು ನಾಸಾ ಸೆಕೆಂಡು ಸೆಕೆಂಡಿಗೂ ಹೇಳಬಲ್ಲದು. ಬೋಮಾಂಟಿನ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದ ಆರಡಿ ಜಾಗ ಯಾವುದೆಂದು ಇಂದಿಗೂ ಯಾರೂ ಗುರುತಿಸಿಲ್ಲ.