ದೂರದ ಪಾಠ, ಹತ್ತಿರದ ಗುರು

ವಿದ್ಯೆಯನ್ನು ಶಾಲೆಯ ನಾಲ್ಕು ಗೋಡೆಗಳಿಂದ ಹೊರಕ್ಕೆ ಒಯ್ಯುವ ಪ್ರಯತ್ನವು ನಮ್ಮ ಮೈಸೂರಿಗೆ ಹೊಸದೇನೂ ಅಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಯಂತ್ರವನ್ನು ಸ್ಥಾಪಿಸಿ, ‘ಆಕಾಶವಾಣಿ’ಯೆಂಬ ಹೆಸರಿನಿಂದ ಪ್ರಸಾರವನ್ನಾರಂಭಿಸಿದರು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠಗಳನ್ನು ಕಳುಹಿಸುವ ಏರ್ಪಾಡನ್ನು ಕೈಗೊಂಡಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ನಮ್ಮ ನಗರದಲ್ಲಿಯೇ ನೆಲೆಗೊಂಡಿತು. ಈಗ ಗಣಕಯಂತ್ರವೂ ಮೊಬೈಲ್ ಫೋನೂ ಆ ಕಾರ್ಯವನ್ನು ವಹಿಸಿಕೊಂಡಿವೆ. ವಿಜ್ಞಾನವನ್ನೂ ಗಣಕವಿದ್ಯೆಯನ್ನೂ ಇವುಗಳ ಮೂಲಕ ಹಳ್ಳಿಹಳ್ಳಿಗೆ ಮುಟ್ಟಿಸಬಹುದೆಂದು ಎಲ್ಲರೂ ಹೇಳುತ್ತಿರುವ ಈ ಕಾಲದಲ್ಲಿ, ಹಿಂದಿನ ಅನುಭವವು ಏನನ್ನು ಕಲಿಸಿದೆಯೆಂದು ವಿಚಾರಿಸುವುದು ಉಚಿತವಾಗಿದೆ.

ನಮ್ಮ ನೆರೆಯ ಚಾಮರಾಜನಗರ ಜಿಲ್ಲೆಯ ನಿದರ್ಶನವನ್ನೇ ತೆಗೆದುಕೊಳ್ಳೋಣ. 2004ನೆಯ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಬೋಧನೆಗೆಂದೇ ನಿರ್ಮಿತವಾದ ‘ಎಜುಸ್ಯಾಟ್’ ಉಪಗ್ರಹವನ್ನು ಹಾರಿಸಲಾಯಿತು. ಅದರ ನೆರವಿನಿಂದ ಆ ಜಿಲ್ಲೆಯ ಎಂಟುನೂರಕ್ಕೂ ಮಿಕ್ಕಿದ ಪ್ರಾಥಮಿಕ ಶಾಲೆಗಳ ಮಕ್ಕಳು ತಮ್ಮ ತರಗತಿಯಲ್ಲಿಯೇ ಕುಳಿತು ಟೆಲಿವಿಷನ್ನಿನಲ್ಲಿ ಪಾಠಗಳನ್ನು ನೋಡುವಂತಾಯಿತು. ಇದು ಶ್ಲಾಘ್ಯವಾದ ಸಾಹಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಪಗ್ರಹಕ್ಕೆ ಆಯುಸ್ಸಿನ ಮಿತಿಯುಂಟು. 2010ರಲ್ಲಿ ಅದರ ಸೇವೆ ಮುಗಿಯಿತು. ಅಲ್ಲದೆ ಆ ಶಾಲೆಗಳಿಗೆ ಪಾಠವು ಮೇಲಿನಿಂದ ಇಳಿದುಬರುತ್ತಿತ್ತೇ ಹೊರತು, ಕೆಳಗಿನಿಂದ ಮಗುವಿನ ಪ್ರಶ್ನೆಯು ಅದೇ ದಾರಿಯಲ್ಲಿ ಮೇಲೇರಲು ಮಾರ್ಗವಿರಲಿಲ್ಲ.

ದೂರಶಿಕ್ಷಣದ ಮರ್ಮವೆಲ್ಲವೂ ಇಲ್ಲಿಯೇ ಅಡಗಿದೆ. ‘ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ’ ಎಷ್ಟು ಕಾಲ ಇದ್ದೀತೆಂಬ ಗಾದೆಯು ಈ ಪಾಠಗಳಿಗೆ ಸಂಪೂರ್ಣವಾಗಿ ಅನ್ವಯಿಸುತ್ತದೆ. ಹಳೆಯ ಪಾಠಶಾಲೆಯಲ್ಲಿ ಉಪಾಧ್ಯಾಯರು ಹಲಗೆಯ ಮೇಲಿನ ತಪ್ಪಕ್ಷರವನ್ನು ಕಂಡೊಡನೆಯೇ ಅಳಿಸಿ ತಿದ್ದಿಸುತ್ತಿದ್ದರು. ಗಣಕವಿದ್ಯೆಯಲ್ಲಂತೂ ಈ ತಿದ್ದುವಿಕೆಯೇ ಜೀವಾಳ. ಒಂದು ಚಿಹ್ನೆ ತಪ್ಪಿದರೂ ವಿದ್ಯಾರ್ಥಿಯು ಬರೆದ ಪ್ರೋಗ್ರಾಂ ನಡೆಯದೆ ನಿಂತುಬಿಡುತ್ತದೆ. ಮೊದಲೇ ಚಿತ್ರಿಸಿಟ್ಟ ಪಾಠವು ನೂರು ಸಲ ಓಡಿದರೂ ‘ನಿನ್ನ ತಪ್ಪು ಇಂಥಲ್ಲಿದೆ’ ಎಂದು ಬೆರಳಿಟ್ಟು ತೋರಿಸಲಾರದು. ರಸಾಯನಶಾಸ್ತ್ರವೂ ಹಾಗೆಯೇ. ಲಿಟ್ಮಸ್ ಕಾಗದವು ಆಮ್ಲದಲ್ಲಿ ಕೆಂಪಾಗುವುದನ್ನು ತೆರೆಯ ಮೇಲೆ ಕಂಡವನಿಗೂ ತನ್ನ ಕೈಯಾರೆ ಅದ್ದಿ ನೋಡಿದವನಿಗೂ ಅಂತರ ಬಹಳ.

2020ರಲ್ಲಿ ಮಹಾವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ ಈ ಸತ್ಯವು ಮತ್ತಷ್ಟು ಸ್ಪಷ್ಟವಾಯಿತು. ಚಂದನ ವಾಹಿನಿಯಲ್ಲಿ ಪಾಠಗಳನ್ನು ಪ್ರಸಾರಮಾಡಿದ ಸರ್ಕಾರವೇ, ಅಷ್ಟರಿಂದ ಸಾಲದೆ, ಆಗಸ್ಟ್ ತಿಂಗಳಲ್ಲಿ ‘ವಿದ್ಯಾಗಮ’ವೆಂಬ ಯೋಜನೆಯಿಂದ ಉಪಾಧ್ಯಾಯರನ್ನು ಊರೂರಿಗೆ ಕಳುಹಿಸಿ, ಗುಡಿಯ ಜಗಲಿಗಳಲ್ಲಿಯೂ ಮರದ ನೆರಳಿನಲ್ಲಿಯೂ ಮಕ್ಕಳನ್ನು ಕೂಡಿಸಿ ಕಲಿಸಬೇಕಾಯಿತು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದು ನಿಂತಿತಾದರೂ, ಯಂತ್ರವಿದ್ದೆಡೆಯಲ್ಲಿಯೂ ಗುರುವಿನ ಅಗತ್ಯ ತಪ್ಪದೆಂಬುದನ್ನು ಸಿದ್ಧಪಡಿಸಿಯೇ ನಿಂತಿತು.

ಭಾಷೆಯ ವಿಷಯವೂ ಇದೆ. ಐ.ಐ.ಟಿ. ಮೊದಲಾದ ಉನ್ನತ ಸಂಸ್ಥೆಗಳು ‘ಎನ್‌ಪಿಟಿಇಎಲ್’ ಯೋಜನೆಯಲ್ಲಿ ವಿಜ್ಞಾನ ಮತ್ತು ತಂತ್ರವಿದ್ಯೆಯ ಪಾಠಗಳನ್ನು ಉಚಿತವಾಗಿ ಒದಗಿಸಿರುವುದು ದೇಶದ ಭಾಗ್ಯ. ಆದರೆ ಅವುಗಳಲ್ಲಿ ಬಹುಭಾಗದ ಮೂಲಭಾಷೆ ಇಂಗ್ಲಿಷು. ಹೆಗ್ಗಡದೇವನಕೋಟೆಯ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಗೆ ವಿಷಯದ ಕಾಠಿಣ್ಯದ ಜತೆಗೆ ಭಾಷೆಯ ಕಾಠಿಣ್ಯವೂ ಸೇರಿದರೆ, ಅವಳು ಪಾಠವನ್ನು ಅರ್ಧಕ್ಕೇ ಬಿಟ್ಟರೆ ಅದು ಅವಳ ಅಪರಾಧವೆಂದು ಹೇಗೆ ಹೇಳುವುದು? ಬಡವರ ಮಕ್ಕಳ ಬುದ್ಧಿಯು ಹೀಗೆ ವ್ಯರ್ಥವಾಗುವುದು ನಾಡಿಗೇ ನಷ್ಟ.

ಆದುದರಿಂದ ಸರ್ಕಾರದವರಲ್ಲಿಯೂ ವಿಶ್ವವಿದ್ಯಾನಿಲಯಗಳ ಅಧಿಕಾರಿಗಳಲ್ಲಿಯೂ ನಮ್ಮ ಬಿನ್ನಹವಿಷ್ಟು: ತಾಲ್ಲೂಕಿಗೊಂದು ಅಭ್ಯಾಸಕೇಂದ್ರವಿರಲಿ. ಹೊಸ ಕಟ್ಟಡ ಬೇಕಾಗಿಲ್ಲ. ಪ್ರೌಢಶಾಲೆಯ ಪ್ರಯೋಗಶಾಲೆಯನ್ನೂ ಗಣಕಗಳನ್ನೂ ಸಂಜೆಯ ಹೊತ್ತು ತೆರೆದಿಟ್ಟರೆ ಸಾಕು. ಕನ್ನಡದಲ್ಲಿ ಪ್ರಶ್ನೆ ಕೇಳಿ ಕನ್ನಡದಲ್ಲಿ ಉತ್ತರ ಪಡೆಯಲು ಅಲ್ಲೊಬ್ಬ ಉಪಾಧ್ಯಾಯನಿರಲಿ. 1963ರಿಂದ ಉಪಾಧ್ಯಾಯರನ್ನು ತರಬೇತುಗೊಳಿಸುತ್ತಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು ನಮ್ಮ ನಗರದಲ್ಲಿಯೇ ಇದೆ. ಅಲ್ಲಿಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವೆಲ್ಲಿ ದೊರೆತೀತು?

ಖರ್ಚಿನ ಮಾತನ್ನು ಎತ್ತುವವರುಂಟು. ಯಂತ್ರವನ್ನು ಕೊಳ್ಳುವಾಗ ಕೈ ಬಿಚ್ಚುವ ನಾವು, ಅದರ ಮಗ್ಗುಲಲ್ಲಿ ಕುಳಿತು ಕಲಿಸುವವನ ಸಂಬಳಕ್ಕೆ ಮಾತ್ರ ಕೈ ಬಿಗಿಹಿಡಿಯುವುದು ನ್ಯಾಯವಲ್ಲ. ಯಂತ್ರವು ಹಳತಾಗುತ್ತದೆ, ಕಲಿತ ಮಗು ಮುಂದೆ ಇನ್ನೊಬ್ಬರಿಗೆ ಕಲಿಸುತ್ತದೆ. ಹಣವನ್ನು ಯಾವುದರಲ್ಲಿ ಹೂಡಬೇಕೆಂಬುದನ್ನು ಮಹಾಜನರೇ ನಿರ್ಣಯಿಸಲಿ.