ಕಂಪನವೂ ಕಲಾವಸ್ತುಗಳ ರಕ್ಷಣೆಯೂ

ಕಲಾವಸ್ತುಗಳಿಗೆ ಬೆಂಕಿ, ನೀರು, ಕಳ್ಳರು ಶತ್ರುಗಳೆಂಬುದು ಎಲ್ಲರೂ ಬಲ್ಲ ಸಂಗತಿ. ಕಣ್ಣಿಗೆ ಕಾಣದ ಇನ್ನೊಂದು ಶತ್ರುವುಂಟು, ಅದೇ ಕಂಪನ. ವಸ್ತುಸಂಗ್ರಹಾಲಯದ ಪಕ್ಕದಲ್ಲಿ ಹೊಸ ಕಟ್ಟಡವೇಳುವಾಗ ಹಳೆಯ ಗೋಡೆ ಒಡೆಯುವುದರಿಂದಲೂ, ನೆಲಕ್ಕೆ ಕಂಬ ಹೊಡೆಯುವುದರಿಂದಲೂ ಭೂಮಿ ಅದುರುತ್ತದೆ. ಆ ಅದುರು ಗೋಡೆಯನ್ನೇರಿ ಪ್ರತಿಮೆಯ ಪೀಠವನ್ನು ಮುಟ್ಟುತ್ತದೆ. ಗಾಜಿನ ಹಲಗೆಯ ಮೇಲಿನ ಬೊಂಬೆ ಇಷ್ಟಿಷ್ಟೇ ಸರಿದು ಅಂಚಿಗೆ ಬರುತ್ತದೆ. ಹಳೆಯ ಚಿತ್ರದ ಬಣ್ಣ ಹಕ್ಕಳೆಯೇಳುತ್ತದೆ. ಮೊದಲೇ ಇದ್ದ ಬಿರುಕು ಬೆಳೆಯುತ್ತದೆ.

ನೆಲದ ಕಣವೊಂದು ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗಿತೆಂಬುದೇ ಕಂಪನದ ಅಳತೆ. ಗಣಿಗಳ ಸಿಡಿತದ ಬಗ್ಗೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು 1997ರಲ್ಲಿ ಸುತ್ತೋಲೆ ಹೊರಡಿಸಿತು. ಅದರಂತೆ, ಸೆಕೆಂಡಿಗೆ 8 ಆವರ್ತಕ್ಕಿಂತ ನಿಧಾನವಾದ ಕಂಪನದಲ್ಲಿ ವಾಸದ ಮನೆಗೆ ಮಿತಿ 5 ಮಿ.ಮೀ.; ಐತಿಹಾಸಿಕ ಕಟ್ಟಡಕ್ಕೆ 2 ಮಿ.ಮೀ. ಮಾತ್ರ.

ಉಪಾಯಗಳೂ ಇವೆ. ಕೆಲಸಕ್ಕೆ ಮುಂಚೆಯೇ ಪ್ರತಿಯೊಂದು ಬಿರುಕಿನ ಛಾಯಾಚಿತ್ರ ತೆಗೆಯಬೇಕು. ಮಾಪಕಯಂತ್ರವನ್ನಿಟ್ಟು, ಮಿತಿ ಮೀರಿದೊಡನೆ ಕೆಲಸ ನಿಲ್ಲಿಸಬೇಕು. ಕಂಬ ಹೊಡೆಯುವ ಬದಲು ನೆಲ ಕೊರೆದು ಕಂಬ ಕೂರಿಸಬೇಕು; ಗೋಡೆಯನ್ನು ಗುದ್ದುವ ಬದಲು ಗರಗಸದಿಂದ ಕೊಯ್ಯಬೇಕು. ಸಣ್ಣ ವಸ್ತುಗಳನ್ನು ಮೆತ್ತೆಯ ಮೇಲಿಡಬೇಕು, ಇಲ್ಲವೆ ಬೇರೆಡೆಗೆ ಸಾಗಿಸಬೇಕು.

ಆದರೆ ಕೋಲಾರದ ಕೋಲಾರಮ್ಮನ ಗುಡಿಯನ್ನಾಗಲಿ, ಸೋಮೇಶ್ವರನ ಕಲ್ಯಾಣಮಂಟಪವನ್ನಾಗಲಿ, ಮುಳಬಾಗಿಲು ತಾಲ್ಲೂಕಿನ ಆವನಿಯ ಗುಡಿಗಳನ್ನಾಗಲಿ ಸಾಗಿಸಲಾದೀತೆ? ಅಲ್ಲಿ ಗೋಡೆಯೇ ಕಲಾಕೃತಿ. 2010ರ ತಿದ್ದುಪಡಿಯಂತೆ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದಿಂದ 100 ಮೀಟರೊಳಗೆ ಹೊಸ ಕಟ್ಟಡ ಕೂಡದು. ಮುಂದಿನ 200 ಮೀಟರಿನಲ್ಲಿ ಅನುಮತಿ ಬೇಕು. ಆದರೆ ಕಂಪನವು ಮೀಟರು ಎಣಿಸಿ ನಿಲ್ಲುವುದಿಲ್ಲ. ಇದನ್ನು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಚಿನ್ನದ ಗಣಿಗಳು 2001ರಲ್ಲಿ ಮುಚ್ಚುವ ಮುನ್ನ, ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದುವು. ಆದುದರಿಂದ ಗುಡಿಯ ಹತ್ತಿರ ಕಂಪನವನ್ನು ಅದು ಹುಟ್ಟುವಲ್ಲೇ ತಡೆಯಬೇಕು.

ನಮ್ಮ ತಂದೆಯವರು ಮಾಲೂರು ತಾಲ್ಲೂಕಿನಲ್ಲಿ ಕಲ್ಲುಕೆಲಸದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಾಲಾಗಿ ಗುಳಿ ತೋಡಿ, ಉಕ್ಕಿನ ಬೆಣೆಗಳನ್ನಿಟ್ಟು, ಸುತ್ತಿಗೆಯಿಂದ ಒಂದೊಂದನ್ನೇ ಬಿಗಿಸುತ್ತ ಹೋದರೆ, ಮದ್ದಿಲ್ಲದೆಯೇ ಬಂಡೆ ನೇರವಾಗಿ ಸೀಳುತ್ತದೆಂದು ನಾನು ಅವರಿಂದ ಕಲಿತೆ. ಸಿಡಿಮದ್ದು ನಿಂತರೆ ಕೂಲಿಯೂ ನಿಂತೀತೆಂಬ ಭಯ ನಮ್ಮ ಕೇರಿಯಲ್ಲಿದೆ. ಅದು ಹೊಟ್ಟೆಯ ಭಯ, ತಳ್ಳಿಹಾಕುವಂತಹುದಲ್ಲ. ಆದರೆ ಬೆಣೆಯ ಕೆಲಸಕ್ಕೆ ಕೈಗಳು ಹೆಚ್ಚು ಬೇಕು. ಕೆಲಸ ನಿಧಾನ, ಖರ್ಚೂ ಹೆಚ್ಚು, ನಿಜ. ಸ್ಮಾರಕಗಳ ಸಮೀಪದಲ್ಲಾದರೂ ಆ ಹೆಚ್ಚಿನ ಖರ್ಚನ್ನು ಸಮಾಜ ಹೊರುವುದಾದರೆ ಗುಡಿಯೂ ಉಳಿಯುತ್ತದೆ, ಕೂಲಿಯೂ ಉಳಿಯುತ್ತದೆ. ಆ ಗುಡಿಗಳ ಕಲ್ಲನ್ನು ಸೀಳಿದವರೂ ಇಂತಹ ಕೈಗಳವರೇ ಅಲ್ಲವೆ?